ದಂಡಯಾತ್ರೆಯ ಕಥನಕಲೆ: ನರಗುಂದದ ಗುಡ್ಡದಿಂದ ಒಂದು ಅವಲೋಕನ

ಇತಿಹಾಸವನ್ನು ಕಥೆಯಾಗಿ ಹೇಳುವ ಶಾಸನ, ಬಖೈರು, ಲಾವಣಿ, ನಾಟಕ, ಕಾದಂಬರಿಗಳ ಸಾಲಿಗೆ ಈಚಿನ ಮೂರು ದಶಕಗಳಲ್ಲಿ ಕಂಪ್ಯೂಟರ್ ಗೇಮೂ ಬಂದು ಸೇರಿದೆ. ಇಂದಿನ ತರುಣರಲ್ಲಿ ಅನೇಕರಿಗೆ ಸಲಾದೀನನೂ ಚೆಂಗೀಸ್‌ಖಾನನೂ ಜೋನ್ ಆಫ್ ಆರ್ಕಳೂ ಮೊದಲು ಪರಿಚಿತರಾದದ್ದು ಆ ಪರದೆಯ ಮೇಲೆಯೇ ಎಂಬುದನ್ನು ನೆನೆದರೆ, ಅಲ್ಲಿ ಇತಿಹಾಸವು ಯಾರ ಬಾಯಿಂದ, ಯಾವ ಕ್ರಮದಿಂದ, ಯಾವ ಮೌಲ್ಯದೃಷ್ಟಿಯಿಂದ ನಿರೂಪಿತವಾಗುತ್ತಿದೆಯೆಂಬ ಪ್ರಶ್ನೆಯನ್ನು ವಿಮರ್ಶೆಯು ಉಪೇಕ್ಷಿಸುವಂತಿಲ್ಲ. ಕಾಲವು ನಿಲ್ಲದೆ ಓಡುತ್ತಿರುವಾಗಲೇ ಊರನ್ನು ಕಟ್ಟಿ, ಧಾನ್ಯ, ಮರ, ಕಲ್ಲು, ಚಿನ್ನಗಳನ್ನು ಕೂಡಿಹಾಕಿ, ಸೈನ್ಯವನ್ನು ಸಜ್ಜುಗೊಳಿಸಿ ಶತ್ರುವನ್ನೆದುರಿಸಬೇಕಾದ ಯುದ್ಧತಂತ್ರದ ಆಟಗಳಲ್ಲಿ ‘ಏಜ್ ಆಫ್ ಎಂಪೈರ್ಸ್’ ಮಾಲೆಯು ಅಗ್ರಗಣ್ಯವಾದುದು. ಅದರ ‘ಕ್ಯಾಂಪೇನ್’ಗಳು, ಅಂದರೆ ಒಬ್ಬ ನಾಯಕನ ಬಾಳನ್ನು ಐದಾರು ಸನ್ನಿವೇಶಗಳಾಗಿ ವಿಂಗಡಿಸಿ ಆಡಿಸುವ ದಂಡಯಾತ್ರೆಗಳು, ಒಂದು ಪರಂಪರೆಯೆನ್ನಿಸಿಕೊಳ್ಳುವಷ್ಟು ಬೆಳೆದಿವೆ. ಈ ಪರಂಪರೆಯನ್ನು ಅಳೆಯುವುದಕ್ಕೆ ನಾನು ಇಟ್ಟುಕೊಂಡಿರುವ ಮಾನದಂಡವೆಂದರೆ, ದಂಡುಗಳ ದಾಳಿಯನ್ನು ಶತಮಾನಗಳ ಕಾಲ ಕಂಡುಂಡ ನರಗುಂದ, ರೋಣ, ಗಜೇಂದ್ರಗಡಗಳ ಸೀಮೆ.

ಮಲಪ್ರಭೆಯ ದಕ್ಷಿಣಕ್ಕೆ ಜೋಳ, ಹತ್ತಿ, ಕಡಲೆಗಳನ್ನು ಬೆಳೆಯುವ ಎರೆಯ ಬಯಲಿನ ನಡುವೆ ಎದ್ದು ನಿಂತಿರುವ ನರಗುಂದದ ಗುಡ್ಡವನ್ನು ನೋಡಿದವರಿಗೆ, ಆ ಕೋಟೆಯು ಯಾವ ಅರಸನ ಕಣ್ಣಿಗೂ ಬೀಳದೆ ಉಳಿಯುವಂತಿರಲಿಲ್ಲವೆಂಬುದು ಕೂಡಲೇ ಮನವರಿಕೆಯಾಗುವುದು. ಹೆಚ್ಚಿನ ಕಪ್ಪವನ್ನು ಕೊಡಲೊಲ್ಲದ ನರಗುಂದದ ಒಡೆಯ ವೆಂಕಟರಾವ್ ಭಾವೆಯ ಮೇಲೆ 1785ರಲ್ಲಿ ಟಿಪ್ಪು ಸುಲ್ತಾನನು ತನ್ನ ಸೇನಾನಿ ಬುರ್ಹಾನುದ್ದೀನನನ್ನು ಕಳುಹಿದನು. ನೀರಿನ ಅಭಾವದಿಂದ ಮೈಸೂರಿನ ಸೈನ್ಯವು ಒಮ್ಮೆ ಮುತ್ತಿಗೆಯನ್ನು ಸಡಿಲಿಸಬೇಕಾಯಿತಾದರೂ, ಕೊನೆಗೆ ಕೋಟೆಯು ಶರಣಾಗಿ, ವೆಂಕಟರಾಯನು ಸೆರೆಯಾಳಾಗಿ ಕಬ್ಬಾಳದುರ್ಗವನ್ನು ಸೇರಿದನು. ಮರುವರ್ಷ ಪೇಶ್ವೆ ಮತ್ತು ನಿಜಾಮರ ಕೂಡುಸೈನ್ಯವು ಬಾದಾಮಿಯನ್ನು ಹಿಡಿದು ಈ ಬಯಲಿಗಿಳಿಯಿತು. 1787ರಲ್ಲಿ ಗಜೇಂದ್ರಗಡದ ಒಪ್ಪಂದದಿಂದ ಆ ಯುದ್ಧವು ಮುಗಿದು, ಬಾದಾಮಿ, ನರಗುಂದ, ಕಿತ್ತೂರುಗಳು ಮರಾಠರ ಪಾಲಿಗೆ ಹೋದವು. ಎಪ್ಪತ್ತು ವರ್ಷಗಳ ತರುವಾಯ ಅದೇ ಭಾವೆ ಮನೆತನದ ಭಾಸ್ಕರರಾಯನು, ಜನರ ಬಾಯಲ್ಲಿ ಬಾಬಾಸಾಹೇಬನೆನಿಸಿದವನು, ದತ್ತಕಕ್ಕೆ ಕಂಪನಿ ಸರಕಾರವು ಅನುಮತಿ ನಿರಾಕರಿಸಿದ್ದರಿಂದಲೂ ಆಯುಧಗಳನ್ನು ಒಪ್ಪಿಸಬೇಕೆಂಬ ಆಜ್ಞೆಯಿಂದಲೂ ನೊಂದು ಬಂಡೆದ್ದನು. 1858ರ ಮೇ 29ರ ರಾತ್ರಿ ಸುರೇಬಾನದಲ್ಲಿ ಪೊಲಿಟಿಕಲ್ ಏಜೆಂಟ್ ಮ್ಯಾನ್ಸನನು ಹತನಾದನು. ಜೂನ್ ಮೊದಲ ದಿನಗಳಲ್ಲಿಯೇ ಕೋಟೆ ಬಿದ್ದಿತು. ಜೂನ್ 12ರಂದು ಬೆಳಗಾವಿಯಲ್ಲಿ ಬಾಬಾಸಾಹೇಬನನ್ನು ಗಲ್ಲಿಗೇರಿಸಿದರು. ಒಂದು ಮುತ್ತಿಗೆ, ಒಂದು ಸಂಧಿ, ಒಂದು ಬಂಡಾಯ: ದಂಡಯಾತ್ರೆಯು ಮುಗಿಯಬಹುದಾದ ಮೂರು ಬಗೆಗಳನ್ನು ಈ ಕಿರಿದಾದ ಸೀಮೆಯು ಒಂದು ಶತಮಾನದೊಳಗೆ ಕಂಡಿತು. ಗೇಮಿನ ಪರಂಪರೆಯು ಇವುಗಳಲ್ಲಿ ಯಾವುದನ್ನು ಹೇಳಬಲ್ಲುದು, ಯಾವುದನ್ನು ಹೇಳಲಾರದು?

ಎನ್‌ಸೆಂಬಲ್ ಸ್ಟುಡಿಯೋಸ್ ರಚಿಸಿ ಮೈಕ್ರೋಸಾಫ್ಟ್ 1997ರಲ್ಲಿ ಪ್ರಕಟಿಸಿದ ಮೊದಲ ಆಟವೂ, 1998ರ ‘ದಿ ರೈಸ್ ಆಫ್ ರೋಮ್’ ಎಂಬ ಅದರ ವಿಸ್ತರಣೆಯೂ ಅನುಸರಿಸಿದ್ದು ಪ್ರಶಸ್ತಿಶಾಸನದ ರೀತಿಯನ್ನು. ಈಜಿಪ್ಟು, ಗ್ರೀಸು, ಬ್ಯಾಬಿಲೋನು, ಯಮಾತೋ ಎಂಬ ರಾಜ್ಯಗಳು ಅಲ್ಲಿ ತಾವೇ ಕಥಾನಾಯಕರು. ಪ್ರತಿ ಸನ್ನಿವೇಶಕ್ಕೂ ಒಂದು ಪೀಠಿಕೆ, ಗೆದ್ದ ಬಳಿಕ ಒಂದು ಉಪಸಂಹಾರ, ಇವುಗಳ ನಡುವೆ ಒಬ್ಬ ಮನುಷ್ಯನ ದನಿಯೂ ಕಿವಿಗೆ ಬೀಳುವುದಿಲ್ಲ. ರಾಜ್ಯವು ಬೆಳೆಯಿತು, ಶತ್ರುವು ಅಳಿದನು, ಕೀರ್ತಿಯು ದಿಗಂತವನ್ನು ಮುಟ್ಟಿತು ಎಂಬಷ್ಟೇ ಆ ಕಥನದ ಸಾರ. ಆರಂಭದ ಕೃತಿಯೆಂಬ ಗೌರವವು ಅದಕ್ಕೆ ಸಲ್ಲತಕ್ಕದ್ದೇ ಹೊರತು, ಕಥನದ ದೃಷ್ಟಿಯಿಂದ ಅಲ್ಲಿ ತಂಗಬೇಕಾದ ಕಾರಣವಿಲ್ಲ.

1999ರಲ್ಲಿ ಎರಡನೆಯ ಆಟವಾದ ‘ದಿ ಏಜ್ ಆಫ್ ಕಿಂಗ್ಸ್’ ಬಂದಾಗ ಈ ಕಲೆಗೆ ಪ್ರಾಣಪ್ರತಿಷ್ಠೆಯಾಯಿತು. ಆ ಪ್ರಾಣವೆಂದರೆ ಸಾಕ್ಷಿಯ ದನಿ. ಜೋನಳ ಕಥೆಯನ್ನು ಆಕೆಯ ಜೊತೆಗಾರನಾದ ಒಬ್ಬ ಯೋಧನೂ, ಸಲಾದೀನನ ಕಥೆಯನ್ನು ಅವನಿಗೆ ಸೆರೆಸಿಕ್ಕ ಒಬ್ಬ ಕ್ರೈಸ್ತ ವೀರನೂ ಹೇಳುತ್ತಾರೆ; ಬಾರ್ಬರೋಸನ ಕಥೆಯನ್ನು ಪಾನಗೃಹದಲ್ಲಿ ಕುಳಿತು ಹೇಳುವ ಮುದುಕನು, ಆ ಚಕ್ರವರ್ತಿಗೆ ಎರಡು ಬಗೆದ ಹೆನ್ರಿಯೇ ತಾನೆಂದು ಕೊನೆಯಲ್ಲಿ ಒಡೆದು ಹೇಳುತ್ತಾನೆ. ಮರುವರ್ಷದ ವಿಸ್ತರಣೆಯಾದ ‘ದಿ ಕಾಂಕರರ್ಸ್’ ಈ ಮಾರ್ಗದಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ನಡೆಯಿತು. ಎಲ್ ಸಿದ್ ಎಂಬ ಸ್ಪೇನಿನ ವೀರನನ್ನು ನಾವು ಅಲ್ಲಿ ಕಾಣುವುದು ಅವನ ಹೆಂಡತಿ ಹಿಮೇನಳ ಕಣ್ಣಿನಿಂದ. ಮಾಂಟೆಜುಮನ ಕಥೆಯನ್ನು ಹೇಳುವವನು ಅವನ ಬಳಿಕ ಆಜ್‌ಟೆಕರ ಪಟ್ಟವೇರಿ ತನ್ನ ನಾಡಿನ ಅಳಿವನ್ನು ಕಣ್ಣಾರೆ ಕಂಡ ಕ್ವಾಟೆಮೋಕ್. ವಿಜೇತರ ಹೆಸರನ್ನು ಹೊತ್ತ ಸಂಪುಟವು ಪರಾಜಿತನ ದಿನಚರಿಗೆ ಎಡೆಮಾಡಿಕೊಟ್ಟದ್ದು ಈ ಮಾಲೆಯ ಇಡೀ ಚರಿತ್ರೆಯಲ್ಲಿ ಅತ್ಯಂತ ಉದಾತ್ತವಾದ ಕ್ಷಣವೆಂದು ನನ್ನ ಅಭಿಪ್ರಾಯ.

ದನಿಯಷ್ಟೇ ಮುಖ್ಯವಾದುದು ಸನ್ನಿವೇಶಗಳ ರಚನೆ. ಜೋನಳ ಮೊದಲ ಸನ್ನಿವೇಶದಲ್ಲಿ ಆಟಗಾರನು ಊರನ್ನು ಕಟ್ಟುವುದಿಲ್ಲ. ಬೆರಳೆಣಿಕೆಯ ಸಂಗಡಿಗರೊಡನೆ ಆಕೆಯನ್ನು ಸುರಕ್ಷಿತವಾಗಿ ಶಿನಾನ್ ಪಟ್ಟಣಕ್ಕೆ ತಲುಪಿಸಬೇಕು. ಚೆಂಗೀಸನ ಮೊದಲ ಸನ್ನಿವೇಶದಲ್ಲಿ ಹುಲ್ಲುಗಾವಲಿನ ಒಂದೊಂದು ಬುಡಕಟ್ಟಿನ ಬಳಿಗೂ ಹೋಗಿ, ಅದು ಬೇಡಿದ್ದನ್ನು ನಡೆಸಿಕೊಟ್ಟು, ಅದರ ಸ್ನೇಹವನ್ನು ಸಂಪಾದಿಸಬೇಕು. ಇನ್ನೂ ಗಮನಾರ್ಹವಾದ ಸಂಗತಿಯೆಂದರೆ, ಜೋನಳ ಕೊನೆಯ ಸನ್ನಿವೇಶದ ವೇಳೆಗೆ ಜೋನಳೇ ಬದುಕಿಲ್ಲ. ಬಾರ್ಬರೋಸನ ಕೊನೆಯ ಸನ್ನಿವೇಶದಲ್ಲಿ ಸೈನ್ಯವು ಅವನ ಶವವನ್ನು ಪೀಪಾಯಿಯಲ್ಲಿರಿಸಿ ಜೆರುಸಲೇಮಿನತ್ತ ಒಯ್ಯುತ್ತದೆ. ಮಡಿದ ನಾಯಕನು ಮಡಿದ ಮೇಲೆಯೂ ಜನರನ್ನು ನಡೆಸುತ್ತಾನೆಂಬ ಭಾವವು ಇಲ್ಲಿ ವಾಚ್ಯವಾಗದೆ ಕ್ರಿಯೆಯಲ್ಲಿಯೇ ವ್ಯಕ್ತವಾಗುತ್ತದೆ. ಸಂಗೊಳ್ಳಿ ರಾಯಣ್ಣನ ಮೇಲೂ ಹಲಗಲಿಯ ಬೇಡರ ಮೇಲೂ ನಮ್ಮ ಲಾವಣಿಕಾರರು ಕಟ್ಟಿದ ಹಾಡುಗಳ ಜೀವಾಳವೂ ಇದೇ ಭಾವವಾಗಿದೆ.

ಇಷ್ಟು ಎತ್ತರವನ್ನೇರಿದ ಪರಂಪರೆಯು 2005ರ ಮೂರನೆಯ ಆಟದಲ್ಲಿ ಮಾರ್ಗವನ್ನು ಬದಲಿಸಿತು. ಐತಿಹಾಸಿಕ ಪುರುಷರನ್ನು ಬಿಟ್ಟು ಬ್ಲ್ಯಾಕ್ ಎಂಬ ಕಲ್ಪಿತ ಮನೆತನದ ಮೂರು ತಲೆಮಾರುಗಳ ಕಥೆಯನ್ನು ಅದು ಕೈಗೆತ್ತಿಕೊಂಡಿತು. ಮರುವರ್ಷದ ‘ದಿ ವಾರ್‌ಚೀಫ್ಸ್’ ಆ ವಂಶಕಥೆಯನ್ನೇ ಮುಂದುವರಿಸಿತು. 2007ರಲ್ಲಿ ಬಿಗ್ ಹ್ಯೂಜ್ ಗೇಮ್ಸ್ ಸಂಸ್ಥೆಯ ಸಹಯೋಗದಿಂದ ಹೊರಬಂದ ‘ದಿ ಏಷ್ಯನ್ ಡೈನಾಸ್ಟೀಸ್’ ನಮಗೆ ಹೆಚ್ಚು ಸಮೀಪವಾದುದು, ಏಕೆಂದರೆ ಅದರ ಭಾರತೀಯ ದಂಡಯಾತ್ರೆಯ ವಸ್ತು 1857ರ ಬಂಡಾಯ. ಕಂಪನಿಯ ಕರ್ನಲ್ ಎಡ್ವರ್ಡ್‌ಸನ್ನನ ಕೈಕೆಳಗೆ ದುಡಿಯುವ ನಾನಿಬ್ ಸಾಹಿರನೆಂಬ ಕಲ್ಪಿತ ಸೈನಿಕನು, ಒಡೆಯರ ಕ್ರೌರ್ಯವನ್ನು ಕಂಡು ಅವರ ಮೇಲೆಯೇ ತಿರುಗಿಬೀಳುತ್ತಾನೆ. ನಿಷ್ಠೆಗೂ ಆತ್ಮಗೌರವಕ್ಕೂ ನಡುವೆ ಸಿಕ್ಕಿಬಿದ್ದ ಮನಸ್ಸನ್ನು ನಾಯಕನಲ್ಲಿ ಕಾಣಿಸಿದ್ದು ಈ ಕಥೆಯ ಗುಣ, ಅದನ್ನು ಮುಚ್ಚಿಡಬಾರದು. ಆದರೆ ಆ ಮಹಾಸಂಗ್ರಾಮವು ಉತ್ತರದ ಸಿಪಾಯಿಗಳ ಕೋಪವಾಗಿ ಮಾತ್ರ ಅಲ್ಲಿ ಮೂಡಿದೆ. ಆಯುಧಗಳನ್ನು ಒಪ್ಪಿಸಲೊಲ್ಲದೆ 1857ರ ನವೆಂಬರಿನಲ್ಲಿ ಹೋರಾಡಿದ ಹಲಗಲಿಯ ಬೇಡರು ಯಾವ ಪಲ್ಟನಿನ ಸಿಪಾಯಿಗಳೂ ಆಗಿರಲಿಲ್ಲ; ನರಗುಂದದ ಬಾಬಾಸಾಹೇಬನು ಸಂಸ್ಕೃತ ಗ್ರಂಥಗಳ ಸಂಗ್ರಹವನ್ನು ಬೆಳೆಸಿದ ವಿದ್ಯಾಪ್ರಿಯನಾದ ಸಂಸ್ಥಾನಿಕನು; ಅವನೊಡನೆ ಬಂಡೆದ್ದ ಮುಂಡರಗಿಯ ಭೀಮರಾಯನು ಕೊಪ್ಪಳದ ಕೋಟೆಯಲ್ಲಿ ಮಡಿದನು. ಇಷ್ಟು ವಿವಿಧವಾದ ಮನುಷ್ಯರನ್ನೂ ಕಾರಣಗಳನ್ನೂ ಒಂದು ಕಲ್ಪಿತ ಪಾತ್ರದ ವೈಯಕ್ತಿಕ ಹಗೆತನವು ಒಳಗೊಳ್ಳಲಾರದು. ನಿಜವಾದ ನಾಯಕರು ಇಷ್ಟು ಮಂದಿ ಇರುವಲ್ಲಿ ಕಲ್ಪಿತ ನಾಯಕನನ್ನು ತಂದು ನಿಲ್ಲಿಸಿದ್ದರಿಂದ ಕಥೆಯು ಬಡವಾಯಿತು.

ಎರಡನೆಯ ಆಟದ ಜೀವಶಕ್ತಿಯಾದರೋ ಅಷ್ಟಕ್ಕೇ ಮುಗಿಯಲಿಲ್ಲ. ಆಟವನ್ನು ಪ್ರೀತಿಸುವವರೇ ಸೇರಿ 2012ರಲ್ಲಿ ರೂಪಿಸಿದ ಒಂದು ವಿಸ್ತರಣೆಯು 2013ರಲ್ಲಿ ‘ದಿ ಫಾರ್ಗಾಟನ್’ ಎಂಬ ಹೆಸರಿನಿಂದ ಅಧಿಕೃತವಾಗಿ ಪ್ರಕಟವಾಗಿ, ಪೃಥ್ವೀರಾಜನ ದಂಡಯಾತ್ರೆಯನ್ನು ತಂದಿತು. 2016ರ ‘ರೈಸ್ ಆಫ್ ದಿ ರಾಜಾಸ್’ ಆಗ್ನೇಯ ಏಷ್ಯದ ಅರಸರನ್ನೂ, 2022ರ ‘ಡೈನಾಸ್ಟೀಸ್ ಆಫ್ ಇಂಡಿಯ’ ಬಾಬರ್, ರಾಜೇಂದ್ರ ಚೋಳ, ದೇವಪಾಲರನ್ನೂ ಪರದೆಯ ಮೇಲೆ ನಿಲ್ಲಿಸಿದುವು. ವಸ್ತುವಿನ ವ್ಯಾಪ್ತಿಯಲ್ಲಿ ಇದು ಶ್ಲಾಘ್ಯವಾದ ಬೆಳವಣಿಗೆ. ಆದರೆ ರಾಜೇಂದ್ರನ ದಿಗ್ವಿಜಯವನ್ನು ಆಡಿದ ಕನ್ನಡಿಗನು ರೋಣದ ಸೀಮೆಯ ಸೂಡಿಗೆ ಬಂದು ಅಲ್ಲಿಯ ಶಾಸನಗಳ ಮುಂದೆ ನಿಲ್ಲಬೇಕು. ಚಾಲುಕ್ಯ ಎರಡನೆಯ ಜಯಸಿಂಹನ ಸೋದರಿಯಾದ ಅಕ್ಕಾದೇವಿಯು ಆಳಿದ ಕಿಸುಕಾಡು ನಾಡಿನ ಆ ಊರಿನಲ್ಲಿ, ಚೋಳರೊಡನೆ ನಡೆದ ಯುದ್ಧದ ದೆಸೆಯಿಂದ ಸಡಿಲಗೊಂಡಿದ್ದ ಎಂಟು ಸೆಟ್ಟಿಗಳ ಮತ್ತು ಎಂಬತ್ತು ಒಕ್ಕಲುಗಳ ಸಂಘದ ಕಟ್ಟುಪಾಡನ್ನು ಮತ್ತೆ ನೆಲೆಗೊಳಿಸಿದ ವಿಷಯವು ಕಲ್ಲಿನ ಮೇಲಿದೆ. ಚಕ್ರವರ್ತಿಯ ವಿಜಯವು ಹಾದುಹೋದ ತರುವಾಯ ಮುರಿದ ಸಂತೆಯನ್ನು ಕೂಡಿಸುವ ಕಾರ್ಯವೂ ದಂಡಯಾತ್ರೆಯ ಕಥೆಯ ಭಾಗವೇ ಅಲ್ಲವೆ? ಹೊಲ ಉತ್ತು, ಮರ ಕಡಿದು, ಕಲ್ಲು ಹೊತ್ತು ಸೈನ್ಯವನ್ನು ಪೋಷಿಸುವ ಹಳ್ಳಿಗರಿಲ್ಲದೆ ಈ ಆಟವು ಒಂದು ಗಳಿಗೆಯೂ ನಡೆಯದು. ಆದರೂ ಅವರಿಗೆ ಇಷ್ಟು ಸಂಪುಟಗಳಾದರೂ ಕಥೆಯಲ್ಲಿ ಪಾಲು ದೊರೆತಿಲ್ಲ.

ರೆಲಿಕ್ ಸಂಸ್ಥೆಯು 2021ರಲ್ಲಿ ಹೊರತಂದ ನಾಲ್ಕನೆಯ ಆಟವು ನಾರ್ಮನರು, ನೂರು ವರ್ಷಗಳ ಯುದ್ಧ, ಮಂಗೋಲರು, ಮಾಸ್ಕೋ ಎಂಬ ನಾಲ್ಕು ದಂಡಯಾತ್ರೆಗಳನ್ನು ಸಾಕ್ಷ್ಯಚಿತ್ರದ ರೀತಿಯಲ್ಲಿ ನಿರೂಪಿಸಿತು. ಇಂದಿನ ಕೋಟೆಗಳ, ಬಯಲುಗಳ ನಿಜವಾದ ದೃಶ್ಯಗಳ ಮೇಲೆ ಹೊಂಬಣ್ಣದ ಸೈನ್ಯಗಳು ಮೂಡಿಬರುವ ಆ ಚಿತ್ರಗಳು ಸುಂದರವಾಗಿಯೂ ಬೋಧಪ್ರದವಾಗಿಯೂ ಇವೆ. ಆದರೆ ಎಲ್ಲವನ್ನೂ ಬಲ್ಲ ಉಪನ್ಯಾಸಕನ ಸಮಚಿತ್ತದ ದನಿಯು, ಕಂಡದ್ದನ್ನು ಕಂಡಷ್ಟೇ ಹೇಳುವ ಸಾಕ್ಷಿಯ ನಡುಗುದನಿಗೆ ಸಮವಾಗಲಾರದು. ಪಾಠವು ಬೆಳೆದು ಕಥೆಯು ತಗ್ಗಿದೆ. ದಿಲ್ಲಿಯ ಸುಲ್ತಾನರು ಆ ಆಟದಲ್ಲಿದ್ದರೂ ಮೂಲಸಂಪುಟದಲ್ಲಿ ಅವರದೆಂಬ ದಂಡಯಾತ್ರೆಯೊಂದಿಲ್ಲ.

ಹೀಗೆ ಪ್ರಶಸ್ತಿ, ಸಾಕ್ಷಿ, ವಂಶಕಥೆ, ಉಪನ್ಯಾಸ ಎಂಬ ನಾಲ್ಕು ಮಾರ್ಗಗಳನ್ನು ತೂಗಿ ನೋಡಿದಲ್ಲಿ ಸಾಕ್ಷಿಮಾರ್ಗವೇ ಉತ್ತಮವೆಂದೂ, ‘ದಿ ಕಾಂಕರರ್ಸ್’ ಅದರ ಶಿಖರವೆಂದೂ ನಾನು ನಿಸ್ಸಂದೇಹವಾಗಿ ಹೇಳುವೆನು. ಆದರೆ ಆ ಶಿಖರದಲ್ಲಿಯೂ ಒಂದು ಕೊರತೆಯುಂಟು. 1521ರಲ್ಲಿ ಬಿದ್ದುಹೋದ ತೆನೋಚ್‌ಟಿಟ್ಲಾನ್ ನಗರವನ್ನು ಕ್ವಾಟೆಮೋಕನ ಆಟಗಾರನು ಗೆದ್ದೇ ತೀರಬೇಕು, ಏಕೆಂದರೆ ಗೆಲ್ಲದೆ ಸನ್ನಿವೇಶವು ಮುಗಿಯದು. ಆಟವೆಂದ ಮೇಲೆ ಗೆಲುವು ಬೇಡವೆ ಎಂದು ಕೇಳುವವರಿಗೆ, ಗೆಲುವೆಂದರೆ ಶತ್ರುವಿನ ಸಂಹಾರವೊಂದೇ ಅಲ್ಲವೆಂಬುದನ್ನು ಈ ಮಾಲೆಯೇ ತೋರಿಸಿಕೊಟ್ಟಿದೆಯೆಂದು ಉತ್ತರ ಹೇಳಬಹುದು: ಜೋನಳನ್ನು ಶಿನಾನಿಗೆ ತಲುಪಿಸುವುದೂ ಗೆಲುವೇ, ಬುಡಕಟ್ಟಿನ ಸ್ನೇಹವನ್ನು ಪಡೆಯುವುದೂ ಗೆಲುವೇ. ಅಂತೆಯೇ 1785ರ ನರಗುಂದದಲ್ಲಿ ಗುಡ್ಡದ ಮೇಲಿನ ನೀರನ್ನು ಕಾಯ್ದುಕೊಂಡು ಇಷ್ಟು ದಿನ ತಾಳುವುದು ಗೆಲುವಾಗಬಹುದು. 1787ರ ಗಜೇಂದ್ರಗಡದಲ್ಲಿ ಮೂರು ಸೈನ್ಯಗಳನ್ನೂ ಸಂಧಿಯ ಡೇರೆಗೆ ಕರೆತರುವುದು ಗೆಲುವಾಗಬಹುದು. 1858ರಲ್ಲಿ ಬೀಳಲಿರುವ ಕೋಟೆಯೊಳಗಿನ ಜನರನ್ನೂ ಗ್ರಂಥಗಳನ್ನೂ ಆಚೆಗೆ ಸಾಗಿಸುವುದು ಗೆಲುವಾಗಬಹುದು.

ಇಂಥ ಸನ್ನಿವೇಶಗಳನ್ನು ಕಟ್ಟುವುದಕ್ಕೆ ಪರದೇಶದ ಸಂಸ್ಥೆಯ ಕೃಪೆಯನ್ನು ನಾವು ಕಾಯಬೇಕಾಗಿಲ್ಲ. ಸನ್ನಿವೇಶಗಳನ್ನು ರಚಿಸುವ ಎಡಿಟರ್ ಮೊದಲ ಆಟದ ಕಾಲದಿಂದಲೂ ಆಟದೊಡನೆಯೇ ಬರುತ್ತಿದೆ. ಎರಡನೆಯ ಆಟದಲ್ಲಿ ಅದಕ್ಕೆ ಸೇರಿದ ‘ಟ್ರಿಗರ್’ಗಳ ಸೌಕರ್ಯದಿಂದ, ಯಾವುದು ಗೆಲುವು, ಯಾವುದು ಸೋಲು ಎಂಬುದನ್ನು ರಚನಕಾರನೇ ನಿರ್ಣಯಿಸಬಹುದಾಗಿದೆ. ಆಟಗಾರರ ಕೈಯಿಂದ ಹುಟ್ಟಿದ ವಿಸ್ತರಣೆಯೇ ಅಧಿಕೃತವಾದ ನಿದರ್ಶನವೂ ನಮ್ಮ ಕಣ್ಣ ಮುಂದಿದೆ. ಗದಗ, ಧಾರವಾಡ, ಬೆಂಗಳೂರುಗಳಲ್ಲಿ ಈ ಆಟವನ್ನು ಬಲ್ಲ ತರುಣ ತರುಣಿಯರು, ಊರಿನ ಲಾವಣಿಕಾರರನ್ನೂ ಶಾಸನಗಳನ್ನು ಓದಬಲ್ಲ ವಿದ್ವಾಂಸರನ್ನೂ ಜೊತೆಗೂಡಿಸಿಕೊಂಡು, ನರಗುಂದದ ದಂಡಯಾತ್ರೆಯನ್ನು ಕನ್ನಡದ ದನಿಯಲ್ಲಿ, ಸೂಡಿಯ ಸೆಟ್ಟಿಯ ಮತ್ತು ಹಲಗಲಿಯ ಹಾಡುಗಾರನ ಸಾಕ್ಷಿಯಿಂದ ಕಟ್ಟಲು ಮುಂದಾಗಬೇಕು. ಸಾಮಗ್ರಿಯೂ ಇದೆ, ಸಾಧನವೂ ಇದೆ, ಕೈಹಾಕುವವರು ಬೇಕಾಗಿದ್ದಾರೆ.