ಖಾಲಿ ಜಾಗ ಯಾರ ಸೊತ್ತು?

2018ರ ಆಗಸ್ಟ್ ಮಳೆಗೆ ಹಿಂಬದಿಯ ಗುಡ್ಡ ಕುಸಿದು ಮಡಿಕೇರಿಯ ಹಳೆಯ ಖಾಸಗಿ ಬಸ್ ನಿಲ್ದಾಣದ ಕಟ್ಟಡವನ್ನು ಕೆಡವಬೇಕಾಯಿತು. ಪೇಟೆಯ ನಡುವೆ ಇಂಥ ಜಾಗ ತೆರವಾದಾಗಲೆಲ್ಲ ಒಂದು ಸಲಹೆ ಬರುತ್ತದೆ: ನಗರಸಭೆಯಲ್ಲಿ ಹಣವಿಲ್ಲ, ಖಾಸಗಿಯವರ ಸಹಭಾಗಿತ್ವದಲ್ಲಿ ವಾಣಿಜ್ಯ ಸಂಕೀರ್ಣ ಕಟ್ಟಿಸೋಣ. ಹೂಂ ಅನ್ನುವ ಮೊದಲು, ಇದೇ ದಾರಿ ಹಿಡಿದ ಬೆಂಗಳೂರಿನ ಈಜಿಪುರವನ್ನು ನಾವು ನೆನೆಯಬೇಕು.

ಅಲ್ಲಿ ಪಾಲಿಕೆ ಬಡವರಿಗಾಗಿ ಕಟ್ಟಿದ್ದ ವಸತಿಗೃಹಗಳು ಶಿಥಿಲವಾಗಿದ್ದವು. ಜಾಗದ ಸುಮಾರು ಅರ್ಧದಲ್ಲಿ ಬಡವರಿಗೆ ಮನೆ, ಉಳಿದರ್ಧದಲ್ಲಿ ಕಂಪನಿಯ ಮಾಲ್ ಎಂದು 2012ರಲ್ಲಿ ಒಪ್ಪಂದವಾಯಿತು. 2013ರ ಜನವರಿಯಲ್ಲಿ ಬುಲ್ಡೋಜರ್ ಬಂತು. ದಲಿತರು, ಮುಸ್ಲಿಮರು, ಕ್ರೈಸ್ತರು ಸೇರಿ ಸಾವಿರಾರು ಮಂದಿ ಬೀದಿಗೆ ಬಿದ್ದರು. ಬಡವರ ಹೆಸರಿನಲ್ಲಾದ ಒಪ್ಪಂದ ಮೊದಲು ಒಕ್ಕಲೆಬ್ಬಿಸಿದ್ದು ಬಡವರನ್ನೇ.

ಸಹಭಾಗಿತ್ವವೇ ಬೇಡವೆಂದು ನಾವು ಹೇಳುತ್ತಿಲ್ಲ. ಐದು ವರ್ಷಕ್ಕೆ ಆರಿಸಿಬಂದವರು ಹತ್ತಾರು ವರ್ಷಗಳ ಗುತ್ತಿಗೆಗೆ ಸಹಿ ಹಾಕುವ ಮುನ್ನ ಕರಾರನ್ನು ಜನರ ಮುಂದಿಡಲಿ. ಮಳಿಗೆಯ ಬಾಡಿಗೆ ಸಣ್ಣ ವ್ಯಾಪಾರಿಗೆ ಎಟಕುತ್ತದೆಯೇ? ಸೊಪ್ಪು ಮಾರುವ ಹೆಂಗಸಿಗೆ ಕೂರಲು ಜಾಗವಿದೆಯೇ? ಕುಸಿದ ಗುಡ್ಡದ ಬುಡ ಎಷ್ಟು ಅಂತಸ್ತು ತಾಳುತ್ತದೆ?

ನಗರಸಭೆಯ ಜಾಗ ಅಮಾನತ್, ಅಂದರೆ ಜನ ನಂಬಿ ಒಪ್ಪಿಸಿದ ಸೊತ್ತು. ಅದರ ಲೆಕ್ಕವನ್ನು ಒಪ್ಪಿಸಿದವರಿಗೇ ಕೊಡಬೇಕು.