ಗುರುವಿನ ಗ್ರಂಥದಲ್ಲಿ ಶಿಷ್ಯನ ಹೊಳೆ

ಏನನ್ನೂ ಅರಿಯದವನು ಕಲಿಯಲು ಕುಳಿತುಕೊಳ್ಳುವುದು ಸುಲಭ. ಒಂದು ವಿದ್ಯೆಯಲ್ಲಿ ಕೈ ಪಳಗಿದವನು ಅದೇ ವಿದ್ಯೆಯನ್ನು ಬೇರೊಂದು ನೆಲದಲ್ಲಿ ಮೊದಲಿನಿಂದ ಕಲಿಯುವುದು ಹಾಗಲ್ಲ. ಅಲ್ಲಿ ಅವನ ಹಳೆಯ ತಿಳಿವಳಿಕೆಯೇ ಅವನಿಗೆ ಅಡ್ಡಿಯಾಗಿ ನಿಲ್ಲುವುದು. ಈ ಸನ್ನಿವೇಶವನ್ನು ಸರಸವಾಗಿ ಚಿತ್ರಿಸಿರುವ ಇಂಗ್ಲಿಷ್ ಗ್ರಂಥಗಳಲ್ಲಿ ಐಜಾಕ್ ವಾಲ್ಟನನ ‘ದಿ ಕಂಪ್ಲೀಟ್ ಆಂಗ್ಲರ್’ ಎಂಬುದು ಒಂದು. ಗಾಳ ಹಾಕಿ ಮೀನು ಹಿಡಿಯುವುದು ಇದರ ವಿಷಯವಾದುದರಿಂದ, ಮೀನು ಅಡಿಗೆಮನೆಯ ಹೊಸ್ತಿಲು ದಾಟದ ಮನೆಗಳಲ್ಲಿ ಇದನ್ನು ತೆರೆಯಲು ಹಿಂಜರಿಯುವವರುಂಟು. ಆದರೆ ಇದರ ಒಳಗಿರುವುದು ಗುರುಶಿಷ್ಯರ ಕಥೆ. ಅದಕ್ಕೆ ಯಾವ ಮನೆಯ ಬಾಗಿಲೂ ಮುಚ್ಚಿರಬೇಕಾಗಿಲ್ಲ.

ಗ್ರಂಥವು ಮೊದಲು ಪ್ರಕಟವಾದುದು 1653ರಲ್ಲಿ. ಅರಸನ ಶಿರಚ್ಛೇದವಾಗಿ ಆಗ ನಾಲ್ಕೇ ವರ್ಷಗಳು ಕಳೆದಿದ್ದುವು. ಅರಸೊತ್ತಿಗೆಯ ಪಕ್ಷಪಾತಿಯಾಗಿದ್ದ ವಾಲ್ಟನನಿಗೆ ಅದು ಸೋಲಿನ ಕಾಲ. ಆ ಕಾಲದಲ್ಲಿ ಅವನು ಜಗಳದ ಗ್ರಂಥವನ್ನು ಬರೆಯದೆ, ಲೀ ನದಿಯ ದಡದಲ್ಲಿ ಇಬ್ಬರು ಮಾತನಾಡುತ್ತ ನಡೆಯುವ ಗ್ರಂಥವನ್ನು ಬರೆದನು. ಪಿಸ್ಕೇಟರ್ ಎಂಬ ಮೀನುಗಾರನು ಗುರು. ಬೇಟೆಯ ಹುಚ್ಚಿನ ವೆನೇಟರ್ ಎಂಬವನು ಶಿಷ್ಯ. ಲೀ ಬಯಲಿನ ನದಿ, ಮಂದಗಾಮಿ. ಅದರ ಬಳಿ ಕಲಿತ ವಿದ್ಯೆಯಲ್ಲಿ ಹುಳುವಿಗೂ ಮಿಡತೆಗೂ ಬೆಂಡಿಗೂ ಹೆಚ್ಚು ಸ್ಥಾನ. ಕೊಳದಲ್ಲಿ ಬೆಳೆಯುವ ಕಾರ್ಪ್, ಟೆಂಚ್ ಮೊದಲಾದ ಮೀನುಗಳ ವಿಚಾರವೂ ಅಲ್ಲಿ ವಿಸ್ತಾರವಾಗಿದೆ. ಗರಿ, ರೇಷ್ಮೆ, ರೋಮಗಳಿಂದ ಕಟ್ಟಿದ ಕೃತಕ ನೊಣವನ್ನು ನೀರಿನ ಮೇಲೆ ಆಡಿಸಿ ಮೀನನ್ನು ಮರುಳುಗೊಳಿಸುವ ಕಲೆಯನ್ನು ಮಾತ್ರ ವಾಲ್ಟನನು ಬಹುಮಟ್ಟಿಗೆ ಇತರರಿಂದ ಪಡೆದನು. 1651ರಲ್ಲಿ ಗಾಳದ ಮೇಲೆ ಪುಸ್ತಕ ಬರೆದಿದ್ದ ಥಾಮಸ್ ಬಾರ್ಕರನ ಹೆಸರನ್ನು ಹೇಳಿ ಆ ಋಣವನ್ನು ಅವನು ಮರೆಮಾಡದೆ ಒಪ್ಪಿಕೊಂಡಿರುವನು.

ಈ ಕೊರತೆಯನ್ನು ತುಂಬಿದವನು ಚಾರ್ಲ್ಸ್ ಕಾಟನ್. ವಾಲ್ಟನನು ಹುಟ್ಟಿದುದು 1593ರಲ್ಲಿ, ಕಾಟನನು 1630ರಲ್ಲಿ. ಒಬ್ಬನು ಸಂತರ ಜೀವನಚರಿತ್ರೆಗಳನ್ನು ಬರೆದ ಸಾಧುಸ್ವಭಾವದವನು, ಇನ್ನೊಬ್ಬನು ಸಾಲದಲ್ಲಿ ಮುಳುಗಿ ಪೋಲಿ ವಿಡಂಬನೆಗಳನ್ನು ಬರೆದ ಜಮೀನುದಾರನು. ಆದರೂ ಕಾಟನನಿಗೆ ವಾಲ್ಟನನು ತಂದೆ. ಡರ್ಬಿಷೈರ್ ಮತ್ತು ಸ್ಟ್ಯಾಫರ್ಡ್‌ಷೈರ್‌ಗಳ ಗಡಿಯಲ್ಲಿ ಹರಿಯುವ ಡವ್ ನದಿಯ ದಡದಲ್ಲಿ ಕಾಟನನು 1674ರಲ್ಲಿ ಕಟ್ಟಿಸಿದ ಚಿಕ್ಕ ಮೀನುಗಾರರ ಮನೆಯ ಬಾಗಿಲ ಮೇಲೆ ಇಬ್ಬರ ಹೆಸರಿನ ಮೊದಲಕ್ಷರಗಳೂ ಒಂದರೊಳಗೊಂದು ಹೆಣೆದುಕೊಂಡಿವೆ. 1676ರಲ್ಲಿ ಗ್ರಂಥದ ಐದನೆಯ ಆವೃತ್ತಿಗಾಗಿ, ಹತ್ತು ದಿನಗಳಿಗೆ ತುಸು ಮೇಲಾದ ಅವಧಿಯಲ್ಲಿ, ತಿಳಿನೀರಿನ ಹೊಳೆಯಲ್ಲಿ ಟ್ರೌಟ್ ಮತ್ತು ಗ್ರೇಲಿಂಗ್ ಮೀನುಗಳನ್ನು ಹಿಡಿಯುವ ಕ್ರಮವನ್ನು ಅವನು ಎರಡನೆಯ ಭಾಗವಾಗಿ ಬರೆದುಕೊಟ್ಟನು.

ಈ ಭಾಗವನ್ನು ಬರಿಯ ಅನುಬಂಧವೆಂದು ಎಣಿಸುವ ವಾಡಿಕೆಯುಂಟು. ಅದು ಸರಿಯಲ್ಲ. ಕಾಟನನ ಕಲ್ಪನೆಯ ಸೊಗಸು ಶಿಷ್ಯನ ಆಯ್ಕೆಯಲ್ಲಿದೆ. ದಾರಿಯಲ್ಲಿ ಜೊತೆಯಾದ ವಯೇಟರ್ ಎಂಬ ಪ್ರಯಾಣಿಕನು ಸ್ವಲ್ಪ ದೂರ ಸಾಗಿದ ಮೇಲೆ ತನ್ನ ಗುಟ್ಟನ್ನು ಹೇಳುವನು: ವಾಲ್ಟನನ ಗ್ರಂಥದ ವೆನೇಟರನು ತಾನೇ ಎಂದು! ಅಂದರೆ ಲೀ ನದಿಯ ಪಾಠಗಳನ್ನು ಮುಗಿಸಿದ ಶಿಷ್ಯನೇ ಈಗ ಬೆಟ್ಟದ ಹೊಳೆಗೆ ಬಂದಿದ್ದಾನೆ. ಹೊಸಬನೊಬ್ಬನನ್ನು ತಂದಿದ್ದರೆ ಕಾಟನನದು ಪಾಠಪುಸ್ತಕವಾಗುತ್ತಿತ್ತು. ಕಲಿತವನನ್ನೇ ತಂದುದರಿಂದ ಅದು ಕಥೆಯಾಯಿತು.

ಹೊಳೆಯನ್ನು ಕಾಣುವುದಕ್ಕೆ ಮುಂಚೆಯೇ ನೆಲವು ಅವನ ಗರ್ವವನ್ನು ಇಳಿಸುವುದು. ಬಯಲುಸೀಮೆಯವನಿಗೆ ಆ ಬೆಟ್ಟದ ಇಳಿಜಾರು ಭಯಂಕರವಾಗಿ ತೋರುವುದು. ಇಲಿಯೊಂದು ದಾಟಲೂ ಕಷ್ಟವೆಂಬಷ್ಟು ಕಿರಿದಾದ ಕಲ್ಲಿನ ಸೇತುವೆಯ ಮುಂದೆ ಅವನು ನಿಂತುಬಿಡುವನು. ನಗಲು ಜೊತೆಗಾರನಿಲ್ಲದಿದ್ದರೆ ಅಂಬೆಗಾಲಿಟ್ಟೇ ದಾಟುತ್ತಿದ್ದುದಾಗಿ ಒಪ್ಪಿಕೊಳ್ಳುವನು. ಮಿಲ್‌ಡೇಲ್ ಎಂಬ ಹಳ್ಳಿಯ ಆ ಸೇತುವೆಗೆ ಇಂದಿಗೂ ವಯೇಟರನ ಸೇತುವೆಯೆಂದೇ ಹೆಸರು. ಓದುಗನು ಇಲ್ಲಿ ನಗುವನು. ಆದರೆ ಈ ಹಾಸ್ಯವು ಔಚಿತ್ಯವನ್ನು ಬಿಟ್ಟುದಲ್ಲ. ಮೀನು ಹಿಡಿಯುವುದನ್ನು ಮತ್ತೆ ಕಲಿಯಬೇಕಾದವನು ಮೊದಲು ನಡೆಯುವುದನ್ನೇ ಮತ್ತೆ ಕಲಿಯುವನು.

ಮುಂದಿನ ಪಾಠಗಳೂ ಹೀಗೆಯೇ. ಕದಡಿದ ನಿಧಾನ ನೀರಿನಲ್ಲಿ ದಡದ ಅಂಚಿನಲ್ಲಿ ಕುಳಿತು ಬೆಂಡನ್ನು ನೋಡುತ್ತಿದ್ದರೆ ಸಾಕು. ಮೀನು ಬರುವ ತನಕ ಕಾಯುವುದೇ ಅಲ್ಲಿನ ತಪಸ್ಸು. ತಿಳಿನೀರಿನಲ್ಲಿ ಮೀನಿಗೂ ಮನುಷ್ಯನು ಕಾಣುವನು. ಆದುದರಿಂದ ದೂರ ನಿಲ್ಲಬೇಕು, ದಾರವು ನವಿರಾಗಿರಬೇಕು, ಬೆನ್ನ ಹಿಂದಿನ ಗಾಳಿಯನ್ನು ನೆರವಾಗಿ ಪಡೆಯಬೇಕು. ಕುದುರೆಯ ಬಾಲದ ಎರಡೇ ಕೂದಲಿನ ತುದಿಯಿಂದ ಇಪ್ಪತ್ತು ಅಂಗುಲದ ಟ್ರೌಟನ್ನು ಗೆಲ್ಲಲಾರದವನು ಆ ಹೆಸರಿಗೆ ತಕ್ಕವನಲ್ಲವೆಂದು ಕಾಟನನ ಮತ. ತಿಂಗಳು ತಿಂಗಳಿಗೂ ಬೇರೆ ನೊಣ. ಅದನ್ನು ಬೆರಳುಗಳಿಂದಲೇ ಕಟ್ಟುವ ಬಗೆಯನ್ನು ಗುರುವು ಕುಳಿತು ತೋರಿಸುವನು. ಆಮೇಲೆ ಒಂದು ಮೀನು ಸಿಕ್ಕಿ ತಳಕ್ಕೆ ಇಳಿದಾಗ ಶಿಷ್ಯನಿಗೆ ಅದು ಕಾಣದು. ಭಾರವಿದೆ, ಹೆಚ್ಚು ಸೆಣಸಾಟವಿಲ್ಲವೆಂದು ಮಾತ್ರ ಅವನು ಹೇಳಬಲ್ಲನು. ಅಷ್ಟರಿಂದಲೇ ಗುರುವು ಅದು ಗ್ರೇಲಿಂಗ್ ಎಂದು ತಿಳಿಯುವನು. ಒಂದು ಹೊಳೆಯ ಬಳಿ ಬಾಳಿದವನ ಅರಿವಿಗೂ ಪುಸ್ತಕದಿಂದ ಬಂದ ಅರಿವಿಗೂ ಇರುವ ಅಂತರವನ್ನು ಇದಕ್ಕಿಂತ ಸಂಗ್ರಹವಾಗಿ ಹೇಳುವುದು ಕಷ್ಟ.

ಇಲ್ಲಿಯೇ ಗ್ರಂಥದ ನಿಜವಾದ ಸೂಕ್ಷ್ಮವಿರುವುದು. ಗುರುವಿನ ವಿದ್ಯೆ ಇಲ್ಲಿ ಸಾಲದು ಎಂಬುದನ್ನು ಗುರುವಿನ ಪುಸ್ತಕದೊಳಗೇ, ಗುರುವು ಬದುಕಿರುವಾಗಲೇ, ಗುರುವಿನ ಶಿಷ್ಯನ ಮುಂದೆಯೇ ಹೇಳಬೇಕಾಗಿದೆ. ಕಾಟನನು ಮೊದಲು ವಾಲ್ಟನನನ್ನು ಮನಸಾರೆ ಹೊಗಳಿ, ಅನಂತರ ತನ್ನ ಸೀಮೆಯ ನೀರು ಬೇರೆ ಎಂದಷ್ಟೇ ತೋರಿಸುವನು. ಅವನ ಪರಿಹಾಸ್ಯವೆಲ್ಲ ಲಂಡನ್ನಿನಿಂದ ಬಂದ ದಪ್ಪ ನೊಣಗಳ ಪಾಲಿಗೆ. ಎಂಬತ್ತಮೂರರ ವೃದ್ಧನಾದ ವಾಲ್ಟನನು ಅದನ್ನು ತನ್ನ ಗ್ರಂಥದೊಡನೆ ಅಚ್ಚು ಹಾಕಿಸಿದುದಲ್ಲದೆ, ಕಾಟನನ ಕವಿತೆಯೊಂದನ್ನೂ ಜೊತೆಗೆ ಸೇರಿಸಿದನು. ತಿದ್ದಿದವನ ವಿನಯವು ದೊಡ್ಡದೋ, ತಿದ್ದಿಸಿಕೊಂಡವನ ಔದಾರ್ಯವು ದೊಡ್ಡದೋ ಹೇಳುವುದು ಸುಲಭವಲ್ಲ.

ದೋಷಗಳಿಲ್ಲವೆಂದಲ್ಲ. ವಾಲ್ಟನನ ಭಾಗದಲ್ಲಿ ಹಾಲು ಕರೆಯುವವಳ ಹಾಡುಂಟು, ಛತ್ರದ ಶುಭ್ರವಾದ ಹಾಸಿಗೆಯುಂಟು, ಮಳೆ ನಿಂತ ಬೇಲಿಯ ಪರಿಮಳವುಂಟು. ಕಾಟನನಲ್ಲಿ ಆ ರಸಪುಷ್ಟಿಯಿಲ್ಲ. ನೊಣಗಳ ಪಟ್ಟಿ ಬಂದಲ್ಲಿ ಸಂಭಾಷಣೆ ಒಣಗುವುದು. ವಯೇಟರನ ಪ್ರಶ್ನೆಗಳು ಉತ್ತರಗಳನ್ನು ತೂಗುಹಾಕುವ ಗೂಟಗಳಾಗುವುವು. ಹತ್ತು ದಿನಗಳ ಆತುರವು ಅಲ್ಲಲ್ಲಿ ಕಾಣದೆ ಇರದು.

ಆದರೂ ಎರಡು ಭಾಗಗಳನ್ನೂ ಕೂಡಿಯೇ ಓದಬೇಕು. ಮೊದಲನೆಯದು ತೃಪ್ತಿಯನ್ನು ಕಲಿಸುವುದು; ಎರಡನೆಯದು ತೃಪ್ತನಾದವನೂ ಮತ್ತೆ ಎದ್ದು ಹೊರಡಬೇಕಾದ ದಾರಿಯನ್ನು ತೋರುವುದು. ವಾಲ್ಟನನು 1683ರಲ್ಲಿಯೂ ಕಾಟನನು 1687ರಲ್ಲಿಯೂ ತೀರಿಕೊಂಡರು. ಡವ್ ಹೊಳೆಯ ದಡದ ಮನೆಯ ಬಾಗಿಲಲ್ಲಿ ಅವರ ಅಕ್ಷರಗಳು ಇನ್ನೂ ಬಿಡಿಸಲಾಗದಂತೆ ಹೆಣೆದುಕೊಂಡೇ ಇವೆ, ಗ್ರಂಥದಲ್ಲಿಯೂ ಹಾಗೆಯೇ.