ಲೇಸರ್ ಪಾಯಿಂಟರ್: ಎಚ್ಚರಿಕೆಯ ಚೀಟಿ ಹೇಳದಿರುವುದು

ಲೇಸರ್ ಪಾಯಿಂಟರ್ ಮೇಲೆ ಸಾಮಾನ್ಯವಾಗಿ ಒಂದು ಹಳದಿ ಚೀಟಿ ಇರುತ್ತದೆ. ಕಿರಣವನ್ನು ದಿಟ್ಟಿಸಿ ನೋಡಬಾರದು ಎಂಬುದು ಅದರ ಸಾರ. ತರಗತಿಯಲ್ಲಿ ನಾವು ಹೇಳುವ ಸುರಕ್ಷತೆಯ ಪಾಠವೂ ಹೆಚ್ಚುಕಡಿಮೆ ಅಷ್ಟೇ. ಈ ಸೂಚನೆ ತಪ್ಪಲ್ಲ, ಆದರೆ ಸಾಲದು. ಗುಂಡಿ ಒತ್ತುವವರ ಜವಾಬ್ದಾರಿಯನ್ನು ಅದು ಎದುರಿಗೆ ಕುಳಿತವರ ಕಣ್ಣಿನ ಮೇಲೆ ಹೊರಿಸುತ್ತದೆ.

ಮೊದಲು ಈ ಸಾಧನದ ಉಪಯೋಗವನ್ನು ಒಪ್ಪಿಕೊಳ್ಳೋಣ. ಅರಕೇರಿಯಂಥ ಊರಿನ ಶಾಲೆಯಲ್ಲಿ ಸ್ಪೆಕ್ಟ್ರೋಮೀಟರ್, ಸೋಡಿಯಂ ದೀಪ ಇರಬೇಕೆಂದು ನಿರೀಕ್ಷಿಸುವುದು ಕಷ್ಟ. ಕೆಂಪು ಪಾಯಿಂಟರ್ ಒಂದಿದ್ದರೆ ಸಾಕು, ಬೆಳಕಿನ ವಿವರ್ತನೆಯನ್ನು ಗೋಡೆಯ ಮೇಲೆ ತೋರಿಸಬಹುದು. ಕಿರಣಕ್ಕೆ ಅಡ್ಡಲಾಗಿ ಒಂದು ತಲೆಗೂದಲನ್ನು ಇಟ್ಟು ಅದರ ದಪ್ಪವನ್ನು ಲೆಕ್ಕ ಹಾಕಬಹುದು. ಆದ್ದರಿಂದ ಶಾಲೆಗೆ ಲೇಸರೇ ಬೇಡ ಎಂಬ ವಾದ ಸರಿಯಲ್ಲ.

ಅಪಾಯ ಎಲ್ಲಿದೆ? ಲೇಸರ್ ಕಿರಣಗಳು ಬಹುತೇಕ ಸಮಾಂತರವಾಗಿರುವುದರಿಂದ ಕಣ್ಣಿನ ಮಸೂರ ಅವನ್ನು ಅಕ್ಷಿಪಟಲದ (ರೆಟಿನ) ಮೇಲೆ ಸುಮಾರು 20 ಮೈಕ್ರೊಮೀಟರ್ ಅಗಲದ ಚುಕ್ಕೆಯಾಗಿ ಕೇಂದ್ರೀಕರಿಸುತ್ತದೆ. ಕತ್ತಲಲ್ಲಿ ಕಣ್ಣಿನ ಪಾಪೆ ಸುಮಾರು 7 ಮಿಲಿಮೀಟರ್ ತೆರೆದಿರುತ್ತದೆ. ಈ ಎರಡು ವ್ಯಾಸಗಳ ಅನುಪಾತ 350. ಅದರ ವರ್ಗ ಒಂದು ಲಕ್ಷಕ್ಕೂ ಹೆಚ್ಚು. ಅಂದರೆ ಬೆಳಕಿನ ತೀವ್ರತೆ ಅಷ್ಟು ಪಟ್ಟು ಏರುತ್ತದೆ. ಅಕ್ಷಿಪಟಲಕ್ಕೆ ನೋವು ತಿಳಿಯದು. ಅಲ್ಲಿ ಸತ್ತ ಬೆಳಕುಗ್ರಾಹಿ ಕೋಶಗಳು ಮತ್ತೆ ಹುಟ್ಟುವುದಿಲ್ಲ.

ಪ್ರಖರ ಬೆಳಕು ಬಿದ್ದಾಗ ನಾವು ಸುಮಾರು ಕಾಲು ಸೆಕೆಂಡಿನಲ್ಲಿ ರೆಪ್ಪೆ ಮುಚ್ಚುತ್ತೇವೆ ಅಥವಾ ಮುಖ ತಿರುಗಿಸುತ್ತೇವೆ. ಈ ರಕ್ಷಣೆಯನ್ನು ನಂಬಿಯೇ 1 ಮಿಲಿವ್ಯಾಟ್ ಮೀರದ ದೃಗ್ಗೋಚರ ಲೇಸರುಗಳನ್ನು 2ನೇ ವರ್ಗ ಎಂದು ವಿಂಗಡಿಸಲಾಗಿದೆ. 5 ಮಿಲಿವ್ಯಾಟ್‌ವರೆಗಿನವು 3ಆರ್, ಅಲ್ಲಿಂದ 500 ಮಿಲಿವ್ಯಾಟ್‌ವರೆಗಿನವು 3ಬಿ ವರ್ಗಕ್ಕೆ ಸೇರುತ್ತವೆ. 3ಬಿ ವರ್ಗದಲ್ಲಿ ರೆಪ್ಪೆಯ ವೇಗವನ್ನು ನಂಬುವಂತಿಲ್ಲ.

ಚೀಟಿಯ ಮೇಲಿನ ಅಂಕಿಯನ್ನಾದರೂ ನಂಬಬಹುದೇ? ಅಮೆರಿಕದ ರಾಷ್ಟ್ರೀಯ ಮಾನಕ ಮತ್ತು ತಂತ್ರಜ್ಞಾನ ಸಂಸ್ಥೆ 122 ಪಾಯಿಂಟರುಗಳನ್ನು ಅಳೆದು 2013ರಲ್ಲಿ ಫಲಿತಾಂಶ ಪ್ರಕಟಿಸಿತು. ಹಸಿರು ಪಾಯಿಂಟರುಗಳಲ್ಲಿ ಸುಮಾರು ಶೇ. 90 ಹಾಗೂ ಕೆಂಪಿನಲ್ಲಿ ಸುಮಾರು ಶೇ. 44 ಅಲ್ಲಿನ ಸುರಕ್ಷತಾ ನಿಯಮಕ್ಕೆ ಹೊಂದುತ್ತಿರಲಿಲ್ಲ.

ಹಸಿರಿನಲ್ಲಿ ಇನ್ನೊಂದು ತೊಡಕಿದೆ. ಸಾಮಾನ್ಯ ಹಸಿರು ಪಾಯಿಂಟರಿನಲ್ಲಿ 808 ನ್ಯಾನೊಮೀಟರಿನ ಅವಕೆಂಪು ಡಯೋಡ್ ಒಂದು ಹರಳನ್ನು ಉದ್ರೇಕಿಸುತ್ತದೆ. ಆ ಹರಳು 1064 ನ್ಯಾನೊಮೀಟರಿನ ಬೆಳಕನ್ನು ಕೊಡುತ್ತದೆ. ಇನ್ನೊಂದು ಹರಳು ಅದರ ಆವೃತ್ತಿಯನ್ನು ಇಮ್ಮಡಿಗೊಳಿಸಿ 532 ನ್ಯಾನೊಮೀಟರಿನ ಹಸಿರನ್ನು ಹೊರಡಿಸುತ್ತದೆ. ಉಳಿದ ಅವಕೆಂಪನ್ನು ತಡೆಯಲು ಶೋಧಕ ಬೇಕು. ಅಗ್ಗದ ಸಾಧನಗಳಲ್ಲಿ ಅದನ್ನೇ ಕೈಬಿಟ್ಟಿರುತ್ತಾರೆ. ಇದೇ ಸಂಸ್ಥೆ 2010ರಲ್ಲಿ ವಿವರಿಸಿದ ಒಂದು ಪಾಯಿಂಟರಿನ ಹಸಿರು ಮಂಕಾಗಿತ್ತು, ಆದರೆ ಅದು ಸುಮಾರು 20 ಮಿಲಿವ್ಯಾಟ್ ಅವಕೆಂಪನ್ನು ಸೂಸುತ್ತಿತ್ತು. ಕಾಣದ ಬೆಳಕಿಗೆ ರೆಪ್ಪೆ ಮುಚ್ಚುವುದಿಲ್ಲ. ದಿಟ್ಟಿಸಬೇಡಿ ಎಂಬ ಸೂಚನೆ ಇಲ್ಲಿ ಪೂರ್ತಿ ಸೋಲುತ್ತದೆ.

ದೂರವಿದ್ದರೆ ಅಪಾಯವಿಲ್ಲ ಎಂಬ ನಂಬಿಕೆಯನ್ನೂ ಲೆಕ್ಕ ಹಾಕಿ ನೋಡೋಣ. ಕಿರಣವು 1 ಮಿಲಿರೇಡಿಯನ್‌ನಷ್ಟು ಹರಡುತ್ತದೆ ಎಂದುಕೊಳ್ಳಿ. ಐದು ಮೀಟರ್ ದೂರದ ಕೊನೆಯ ಬೆಂಚಿನಲ್ಲಿ ಅದರ ಅಗಲ 6-7 ಮಿಲಿಮೀಟರ್ ಮಾತ್ರ. ಕತ್ತಲ ಕೋಣೆಯಲ್ಲಿ ಬಹುಪಾಲು ಬೆಳಕು ಪಾಪೆಯೊಳಗೇ ಹೋದೀತು. ವಿಜಯಪುರದ ಗೋಲಗುಮ್ಮಟದ ಒಳವ್ಯಾಸ ಸುಮಾರು 38 ಮೀಟರ್. ಪಿಸುಗುಟ್ಟುವ ಮೊಗಸಾಲೆಯ ಒಂದು ಬದಿಯಿಂದ ಹೊರಟ ಕಿರಣ ಎದುರು ಬದಿಯಲ್ಲಿ ಸುಮಾರು 4 ಸೆಂಟಿಮೀಟರ್ ಆಗುತ್ತದೆ; ಅದರ ಸುಮಾರು ಶೇ. 3 ಪಾಪೆಯನ್ನು ಸೇರಬಲ್ಲದು. ಅಂದರೆ ಸಾಧಾರಣ ಕೋಣೆಯೊಳಗೆ ದೂರ ನಮ್ಮನ್ನು ಕಾಯುವುದಿಲ್ಲ.

ಒಂದು ಕಿಲೋಮೀಟರ್ ಆಚೆ ಕಿರಣ ಒಂದು ಮೀಟರ್ ಅಗಲವಾಗುತ್ತದೆ. ಅದು ಕಣ್ಣನ್ನು ಸುಡದಿದ್ದರೂ ರಾತ್ರಿ ವಿಮಾನ ಇಳಿಸುವ ಪೈಲಟ್‌ನ ಕಣ್ಣು ಕೋರೈಸಲು ಸಾಕು. ಅಮೆರಿಕದಲ್ಲಿ 2023ರ ಒಂದೇ ವರ್ಷ ಪೈಲಟ್‌ಗಳು ಇಂಥ 13,304 ಘಟನೆಗಳನ್ನು ವರದಿ ಮಾಡಿದರು. ವಿಜಯಪುರಕ್ಕೂ ಇದು ದೂರದ ಮಾತಲ್ಲ. ಬುರಣಾಪುರದ ಬಳಿ ವಿಮಾನ ನಿಲ್ದಾಣದ ರನ್‌ವೇ ನಿರ್ಮಾಣವಾಗಿದೆ.

ಮೆರವಣಿಗೆಗಳಲ್ಲಿ ಬಳಸುವ ಲೇಸರ್ ದೀಪಗಳು ಪಾಯಿಂಟರುಗಳಿಗಿಂತ ಬಹಳ ಪ್ರಬಲ. ನೆರೆಯ ಕೊಲ್ಲಾಪುರ ಜಿಲ್ಲೆಯಲ್ಲಿ 2024ರ ಗಣೇಶೋತ್ಸವದ ವೇಳೆ ಇಂಥ ಬೆಳಕಿನಿಂದ ಕಣ್ಣಿನಲ್ಲಿ ರಕ್ತಸ್ರಾವವಾದುದು ಪತ್ರಿಕೆಗಳಲ್ಲಿ ವರದಿಯಾಯಿತು. ಅದೇ ಹಬ್ಬಕ್ಕೆ ಪುಣೆ ಪೊಲೀಸರು ಮೆರವಣಿಗೆಯ ಲೇಸರುಗಳನ್ನು ನಿಷೇಧಿಸಿದರು. ಅಲ್ಲಿ ನೋಡಬೇಡಿ ಎಂದು ಯಾರಿಗೆ ಹೇಳುವುದು? ಜನ ಬಂದಿರುವುದೇ ನೋಡಲು.

ಹಾಗಾದರೆ ಶಿಕ್ಷಕರು ಮಾಡಬೇಕಾದುದೇನು? ಕೊಳ್ಳುವಾಗ ಬಣ್ಣಕ್ಕಿಂತ ಮೊದಲು ವರ್ಗವನ್ನು ಕೇಳಿ. 1 ಮಿಲಿವ್ಯಾಟ್ ಮೀರದ, 2ನೇ ವರ್ಗದ ಕೆಂಪು ಪಾಯಿಂಟರನ್ನು ನಂಬಿಕೆಯ ಮಾರಾಟಗಾರರಿಂದಲೇ ಪಡೆಯಿರಿ. ಜಾತ್ರೆಯ ಆಟಿಕೆ ಅಂಗಡಿಯ ಪಾಯಿಂಟರ್ ಪ್ರಯೋಗಕ್ಕೆ ಬೇಡ. ಪ್ರಯೋಗದಲ್ಲಿ ಅದನ್ನು ಕೈಯಲ್ಲಿ ಹಿಡಿಯದೆ ಸ್ಟ್ಯಾಂಡಿಗೆ ಬಿಗಿಯಿರಿ. ಕುಳಿತವರ ಮತ್ತು ನಿಂತವರ ಕಣ್ಣಿನ ಮಟ್ಟ ಎರಡನ್ನೂ ತಪ್ಪಿಸಿ. ಕಿರಣ ಹೊಳಪಿಲ್ಲದ ಪರದೆಯ ಮೇಲೆ ಕೊನೆಯಾಗಲಿ. ಅದರ ದಾರಿಯಲ್ಲಿ ಗಡಿಯಾರ, ಬಳೆ, ಸ್ಟೀಲ್ ಡಬ್ಬಿ ಇರಬಾರದು. ಕೋಣೆಯನ್ನು ಪೂರ್ತಿ ಕತ್ತಲು ಮಾಡಬೇಡಿ. ಬೆಳಕಿದ್ದರೆ ಪಾಪೆ ಕಿರಿದಾಗಿರುತ್ತದೆ. ಕೆಲಸ ಮುಗಿದೊಡನೆ ಬ್ಯಾಟರಿ ತೆಗೆದಿಡಿ. ಆಕಾಶ ವೀಕ್ಷಣೆಯಲ್ಲಿ ಹಸಿರು ಕಿರಣ ಬೇಕೇಬೇಕೆಂದರೆ ಅದು ಹಿರಿಯರೊಬ್ಬರ ಕೈಯಲ್ಲೇ ಇರಲಿ. ವಿಮಾನ ಕಂಡರೆ ಕೂಡಲೇ ಆರಿಸಲಿ. ಕಿರಣ ಕಣ್ಣಿಗೆ ಬಿದ್ದು ದೃಷ್ಟಿಯಲ್ಲಿ ಕಲೆ ಉಳಿದರೆ ನೇತ್ರತಜ್ಞರಲ್ಲಿಗೆ ಹೋಗಲು ತಡಮಾಡಬಾರದು.

ಪ್ರಯೋಗದ ಕೈಪಿಡಿಯಲ್ಲಿ ಸೂತ್ರ ಬರೆಯುವ ಮೊದಲು ಇನ್ನೊಂದು ಸಾಲು ಇರಲಿ: ಈ ಕಿರಣ ಎಲ್ಲಿ ಹೊರಟು ಎಲ್ಲಿ ಕೊನೆಯಾಗುತ್ತದೆ? ವಿದ್ಯಾರ್ಥಿ ಚಿತ್ರ ಬರೆದು ಅದಕ್ಕೆ ಉತ್ತರಿಸಿದ ಮೇಲೆಯೇ ಗುಂಡಿ ಒತ್ತಲಿ. ಇದಕ್ಕೆ ಖರ್ಚಿಲ್ಲ, ಉಪಕರಣ ಬೇಕಿಲ್ಲ. ಚೀಟಿ ಹೇಳದೆ ಬಿಟ್ಟ ಪಾಠವೂ ಇದೇ.